ಚಕ್ರವಿದ್ದರೆ ಮನೆ, ಇಲ್ಲದಿದ್ದರೆ ಒತ್ತುವರಿ

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಗೆ ಮನೆಯನ್ನೇ ಗಾಡಿಗೆ ಹೇರಿಕೊಂಡು ಬಂದ ಮೊದಲ ಪ್ರವಾಸಿಗರು 1849ರ ಡಿಸೆಂಬರಿನವರು. ಚಿನ್ನ ಸಿಕ್ಕಿದೆಯಂತೆ ಎಂಬ ಸುದ್ದಿಗೆ ಹೊರಟವರು, ಹತ್ತಿರದ ದಾರಿ ಇದೆ ಎಂಬ ಮಾತು ನಂಬಿ ಈ ಕಣಿವೆಗೆ ಇಳಿದರು. ಇಳಿದ ಮೇಲೆ ಹತ್ತುವ ದಾರಿ ಕಾಣಲಿಲ್ಲ. ಅವರಲ್ಲೊಂದು ತಂಡ ಎಳೆದು ತಂದ ಎತ್ತುಗಳನ್ನೇ ಕೊಂದು, ಗಾಡಿಗಳನ್ನೇ ಒಡೆದು ಸೌದೆ ಮಾಡಿ, ಆ ಬೆಂಕಿಯಲ್ಲಿ ಮಾಂಸ ಒಣಗಿಸಿ ಬುತ್ತಿ ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ಹೊರಟಿತು. ಎಂಜಿನ್ನೇ ಊಟ, ಬಾಡಿಯೇ ಒಲೆ. ಇಷ್ಟು ಸ್ವಾವಲಂಬಿಯಾದ ಕ್ಯಾಂಪರ್ ವ್ಯಾನನ್ನು ಆಮೇಲೆ ಯಾವ ಕಂಪನಿಯೂ ಮಾಡಿಲ್ಲ.

ಈಗಿನದರ ಹೆಸರು ಆರ್‌ವಿ. ಉದ್ದ 28 ಅಡಿ. ಹಾಸಿಗೆ, ಸೋಫಾ, ಒಲೆ, ಫ್ರಿಜ್, ಮೈಕ್ರೋವೇವ್, ಎಸಿ, ಬಚ್ಚಲು, ಕಕ್ಕಸು ಎಲ್ಲ ಒಳಗೇ. ಗ್ಯಾಲನ್‌ಗೆ ಎಂಟೋ ಹತ್ತೋ ಮೈಲಿ ಓಡುತ್ತದೆ. ಪ್ರಕೃತಿಯ ಮಡಿಲಿಗೆ ಹೋಗುತ್ತೇವೆ ಎಂದು ಹೊರಟವರು ಆ ಮಡಿಲಿನಲ್ಲಿ ಸೋಫಾ ಸಮೇತ ಕೂರುತ್ತಾರೆ. ಬಾಡಿಗೆ ದಿನಕ್ಕಿಷ್ಟು, ಮೈಲಿಗಿಷ್ಟು, ಜನರೇಟರ್ ಹಾಕಿದರೆ ಗಂಟೆಗಿಷ್ಟು, ಪಾತ್ರೆಪಡಗಕ್ಕೆ ಇಷ್ಟು, ಹೊದಿಕೆ ದಿಂಬಿಗೆ ಇಷ್ಟು. ಸ್ವಾತಂತ್ರ್ಯಕ್ಕೊಂದು ಬೇರೆ ದರ ಹಾಕಿರುವುದಿಲ್ಲ. ಅದು ಜಾಹೀರಾತಿನಲ್ಲೇ ಪುಕ್ಕಟೆ ಸಿಗುತ್ತದೆ.

ಇಷ್ಟೆಲ್ಲ ತೆತ್ತು ಹೊರಟ ವಾಹನ ಮರುಭೂಮಿಯಲ್ಲಿ ಎಲ್ಲೆಲ್ಲಿ ಹೋಗಬಾರದು ಎಂಬುದು ಕರಾರಿನ ಸಣ್ಣಕ್ಷರದಲ್ಲಿರುತ್ತದೆ. ಮಣ್ಣು ರಸ್ತೆ ಕೂಡದು. ಅಲ್ಲಿಗೆ ರೇಸ್‌ಟ್ರ್ಯಾಕ್ ಪ್ಲಾಯಾ ಕೈಬಿಟ್ಟಿತು. ನೂರಾರು ಪೌಂಡಿನ ಬಂಡೆಗಳು ಒಣಗಿದ ಕೆರೆಯಂಗಳದಲ್ಲಿ ಗೆರೆ ಎಳೆದುಕೊಂಡು ಸರಿಯುವುದು ಅಲ್ಲೇ. ಚಳಿಗಾಲದ ತೆಳು ಮಂಜುಗಡ್ಡೆಯ ಹಾಳೆಗಳು ಗಾಳಿಗೆ ತೇಲಿ ಅವನ್ನು ನೂಕುತ್ತವೆ ಎಂಬುದು 2014ರಲ್ಲಿ ಬಯಲಾಯಿತು. ಆ ಕಲ್ಲುಗಳು ಹೋಗುವಷ್ಟು ದೂರವೂ ನಮ್ಮ ಆರ್‌ವಿ ಅಲ್ಲಿ ಹೋಗುವಂತಿಲ್ಲ. ಇನ್ನು ಬಣ್ಣಬಣ್ಣದ ಗುಡ್ಡಗಳ ನಡುವೆ ಬಳಸಿ ಹೋಗುವ ಆರ್ಟಿಸ್ಟ್ಸ್ ಡ್ರೈವ್. ಅದಕ್ಕೆ ಒಳ್ಳೆಯ ಟಾರು ಇದೆ, ಆದರೆ 25 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವಿಲ್ಲ. ಸೋಫಾದ ಮೂರಡಿ ಅಡ್ಡ ಬಂತು. ಜುಲೈ, ಆಗಸ್ಟಿನಲ್ಲಿ ಡೆತ್ ವ್ಯಾಲಿಗೇ ಒಯ್ಯಬಾರದು ಎಂದು ಷರತ್ತು ಹಾಕುವ ಬಾಡಿಗೆ ಕಂಪನಿಗಳೂ ಇವೆ. ಚಳಿಗಾಲದಲ್ಲೇ ಬಂದೆವಲ್ಲ ಎಂದು ಸಮಾಧಾನ ಪಟ್ಟುಕೊಂಡರೆ, ಘಾಟಿಯಲ್ಲಿ ಇನ್ನೊಂದು ಬೋರ್ಡು: ಎಂಜಿನ್ ಕಾಯದಿರಬೇಕಾದರೆ ಎಸಿ ಆರಿಸಿ. ಕಿಟಕಿ ಇಳಿಸಿದಾಗ ಮುಖಕ್ಕೆ ಬಡಿಯುತ್ತದಲ್ಲ, ಅದೇ ಮರುಭೂಮಿಯಂತೆ. ಘಾಟಿ ಮುಗಿದ ಕೂಡಲೇ ಕಿಟಕಿ ಏರಿಸುತ್ತಾರೆ.

ಉಳಿದದ್ದು ಬ್ಯಾಡ್‌ವಾಟರ್. ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗೆ, ಉತ್ತರ ಅಮೆರಿಕದಲ್ಲೇ ಅತಿ ತಗ್ಗಿನ ಜಾಗ. ಬಸ್ಸಿನಷ್ಟು ಉದ್ದದ ವಾಹನಗಳು ಅಲ್ಲಿ ಸಾಲಾಗಿ ನಿಲ್ಲುತ್ತವೆ. ಜನ ಇಳಿದು ಉಪ್ಪಿನ ಮೇಲೆ ನಾಲ್ಕು ಹೆಜ್ಜೆ ನಡೆದು, ನಾಲಿಗೆಗೆ ಚೂರು ಹಚ್ಚಿಕೊಂಡು, ಹೌದು ಉಪ್ಪೇ ಎಂದು ಖಾತ್ರಿ ಮಾಡಿಕೊಂಡು ಹತ್ತುತ್ತಾರೆ.

ಸಂಜೆ ಸನ್‌ಸೆಟ್ ಕ್ಯಾಂಪ್‌ಗ್ರೌಂಡ್. ಹೆಸರು ಕೇಳಿ ಮರುಳಾಗಬೇಡಿ, ಜಲ್ಲಿ ಹಾಸಿದ ಪಾರ್ಕಿಂಗ್ ಜಾಗ ಅದು. ಕರೆಂಟು, ನೀರು, ಒಳಚರಂಡಿ ಮೂರೂ ನೇರ ವಾಹನಕ್ಕೇ ಬಂದು ಸೇರುವ ಫುಲ್ ಹುಕಪ್ ಬೇಕೆಂದರೆ ಪಕ್ಕದ ಫರ್ನೇಸ್ ಕ್ರೀಕ್ ಕ್ಯಾಂಪಿಗೆ ಹೋಗಬೇಕು. ಅಲ್ಲಿರುವುದು 18 ಜಾಗ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಅದನ್ನು ಗಿಟ್ಟಿಸಿದವರನ್ನು ಸನಿವೇಲ್, ಫ್ರೀಮಾಂಟ್‌ಗಳ ನಮ್ಮ ಕನ್ನಡದ ಮಂದಿ ಮನೆ ಕಟ್ಟಿದವರಷ್ಟೇ ಗೌರವದಿಂದ ನೋಡುತ್ತಾರೆ. ಮಿಕ್ಕವರಿಗೆ ಜನರೇಟರೇ ಗತಿ. ಬೆಳಿಗ್ಗೆ 7ರಿಂದ ರಾತ್ರಿ 7ರವರೆಗೆ ಹಾಕಬಹುದು. ನಿಶ್ಶಬ್ದ ಕೇಳಲು ನೂರಾರು ಮೈಲಿ ಬಂದವರೆಲ್ಲ ಕೂಡಿ ಹನ್ನೆರಡು ಗಂಟೆ ಗುರುಗುಟ್ಟಿಸುತ್ತಾರೆ. ಏಳಕ್ಕೆ ಅದು ನಿಂತಿತು ಎನ್ನುವಾಗ ನಮ್ಮವರ ಕುಕ್ಕರು ಕೂಗುತ್ತದೆ. ರಾಷ್ಟ್ರೀಯ ಉದ್ಯಾನದ ನಿಯಮಾವಳಿಯಲ್ಲಿ ವಿಷಲ್‌ಗೆ ಮಿತಿ ಇಲ್ಲವಾದ್ದರಿಂದ ಬೇಳೆ ಚೆನ್ನಾಗಿಯೇ ಬೇಯುತ್ತದೆ. 2013ರಿಂದ ಈ ಉದ್ಯಾನದ್ದು ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಕತ್ತಲೆಯ ಆಕಾಶ. ಆ ಕತ್ತಲೆ ಸರಿಯಾಗಿ ಕಾಣಲೆಂದು ವ್ಯಾನಿನ ಸುತ್ತ ಎಲ್‌ಇಡಿ ಸರ ಬಿಟ್ಟಿರುತ್ತಾರೆ.

ಬೆಳಿಗ್ಗೆಯ ಯಾತ್ರೆ ಡಂಪ್ ಸ್ಟೇಷನ್‌ಗೆ. ಪಾತ್ರೆ, ಸ್ನಾನದ ನೀರು ಗ್ರೇ ಟ್ಯಾಂಕಿಗೆ, ಉಳಿದದ್ದು ಬ್ಲ್ಯಾಕ್ ಟ್ಯಾಂಕಿಗೆ. ಊರಿನ ಮನೆಯಲ್ಲಿ ಕಕ್ಕಸು ತೊಳೆಯುವವರಿಗೆ ಹಿಂಬಾಗಿಲು ತೋರಿಸಿ, ಕಾಫಿಗೆ ಬೇರೆ ಲೋಟ ಇಟ್ಟ ಮನೆತನದ ಕುಡಿ, ಈಗ ದೊಡ್ಡ ಸಾಫ್ಟ್‌ವೇರ್ ಹುದ್ದೆಯವರು, ಕೈಗವಸು ಏರಿಸಿ ಸುಕ್ಕುಸುಕ್ಕಾದ ಪೈಪನ್ನು ನೆಲದ ಕಂಡಿಗೆ ಸಿಕ್ಕಿಸುತ್ತಾರೆ. ಮೊದಲು ಕಪ್ಪು, ಆಮೇಲೆ ಬೂದು. ಕ್ರಮ ತಪ್ಪಿದರೆ ಪೈಪು ತೊಳೆಯಲು ನೀರು ಉಳಿಯುವುದಿಲ್ಲ. “ರೀ, ಪೈಪು ಗಟ್ಟಿಯಾಗಿ ಹಿಡಿದಿದ್ದೀರಾ?” ಎಂದು ಮನೆಯವರು ಮೂಗು ಮುಚ್ಚಿಕೊಂಡು ಕೂಗುತ್ತಾರೆ. ಮುಚ್ಚಳ ತಿರುವಿ ನಿಲ್ಲುವ ಅವರ ಮುಖದಲ್ಲೊಂದು ತನ್ಮಯತೆ ಇರುತ್ತದೆ. ಇದಕ್ಕೆ ಸಂಬಳವಿಲ್ಲ, ತಾವೇ ದುಡ್ಡು ಕೊಟ್ಟಿದ್ದಾರೆ. ಹಾಗಾಗಿ ಅದು ಸಾಹಸ.

ಬೇಸಿಗೆಯ ಗಿರಾಕಿಗಳೇ ಬೇರೆ. 1913ರ ಜುಲೈ 10ರಂದು ಇಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಜಗತ್ತಿನ ಅಧಿಕೃತ ದಾಖಲೆ. ಅದನ್ನು ಮುರಿಯುವ ದಿನ ತಾವು ಹಾಜರಿರಬೇಕೆಂಬ ಆಸೆಯವರು ಉಣ್ಣೆಯ ಕೋಟು ತೊಟ್ಟು ಥರ್ಮಾಮೀಟರ್ ಬೋರ್ಡಿನ ಮುಂದೆ ಪಟ ತೆಗೆಸಿಕೊಳ್ಳುತ್ತಾರೆ. 2013ರಲ್ಲಿ ಉದ್ಯಾನದವರೇ ಬಿಸಿಲಲ್ಲಿ ಬಾಣಲೆ ಇಟ್ಟು ಮೊಟ್ಟೆ ಬೇಯಿಸಿ ತೋರಿಸಿದರು. ಬಂದವರು ಬಾಣಲೆ ಮರೆತು ನೇರ ನೆಲಕ್ಕೇ ಒಡೆದರು. ಕೊನೆಗೆ, ದಯವಿಟ್ಟು ಮೊಟ್ಟೆ ಒಡೆಯಬೇಡಿ ಎಂದು ಇಲಾಖೆ ಕೈಮುಗಿಯಬೇಕಾಯಿತು.

ಮನುಷ್ಯ ಬದುಕಲಾರದ ಜಾಗ ಎಂದು ಹೆದರಿಸಿ, ಬದುಕುವ ಸರಂಜಾಮನ್ನು ಬಾಡಿಗೆಗೆ ಕೊಡುವ ಈ ವ್ಯಾಪಾರಕ್ಕೆ ಸಣ್ಣದೊಂದು ತೊಡಕಿದೆ. ಈ ಕಣಿವೆಯಲ್ಲಿ ಟಿಂಬಿಶಾ ಶೋಶೋನಿ ಜನ ನೂರಾರು ವರ್ಷಗಳಿಂದ ಇದ್ದಾರೆ. ಚಳಿಗಾಲದಲ್ಲಿ ಕೆಳಗೆ ಚಿಲುಮೆಗಳ ಹತ್ತಿರ, ಮೆಸ್ಕೀಟ್ ಕಾಯಿ ಕುಟ್ಟಿಕೊಂಡು. ಬೇಸಿಗೆಗೆ ಮೇಲೆ ತಂಪಾದ ಪನಮಿಂಟ್ ಬೆಟ್ಟಗಳಿಗೆ. ಜನರೇಟರ್ ಇಲ್ಲ, ಬ್ಲ್ಯಾಕ್ ಟ್ಯಾಂಕ್ ಇಲ್ಲ. 1933ರಲ್ಲಿ ಸರ್ಕಾರ ಬಂದು ಕಣಿವೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ಜನ ಬದುಕಿರುವಾಗಲೇ ಅವರ ಮನೆಯಂಗಳ ಸ್ಮಾರಕವಾಯಿತು. 1936ರ ಹೊತ್ತಿಗೆ ಅವರನ್ನೆಲ್ಲ 40 ಎಕರೆಗೆ ಸೇರಿಸಿ ಮಣ್ಣಿಟ್ಟಿಗೆಯ ಮನೆ ಕಟ್ಟಿಸಿಕೊಟ್ಟರು. ಹೊಸ ಆಡಳಿತಕ್ಕೆ 1950ರ ದಶಕದ ಕೊನೆಯಲ್ಲಿ ಆ ಮನೆಗಳೂ ಕಣ್ಣಿಗೆ ಚುಚ್ಚತೊಡಗಿದವು. ಬೇಸಿಗೆಯಲ್ಲಿ ಸಂಸಾರ ಬೆಟ್ಟ ಹತ್ತಿದರೆ, ಮನೆ ಖಾಲಿ ಎಂದು ಬರೆದುಕೊಂಡು, ಬೆಂಕಿ ನಂದಿಸುವ ಪೈಪು ಹಿಡಿದು ನೀರು ಹಾಯಿಸಿ ಗೋಡೆಗಳನ್ನು ಕರಗಿಸಿಬಿಡುತ್ತಿದ್ದರು. ವರ್ಷವಿಡೀ ಸೇರಿ ಎರಡು ಇಂಚು ಮಳೆ ಬೀಳುವ ಊರಿನಲ್ಲಿ ಮನೆ ಕೆಡವಲು ನೀರಿಗೆ ಬರ ಇರಲಿಲ್ಲ. ಇದೇ ಕಣಿವೆಯ ಗಾಲ್ಫ್ ಮೈದಾನಕ್ಕೂ ಇರಲಿಲ್ಲ ಅನ್ನಿ. ಸಮುದ್ರಮಟ್ಟಕ್ಕಿಂತ 214 ಅಡಿ ಕೆಳಗೆ ಆ ಹಸಿರು ಹುಲ್ಲು ಇವತ್ತಿಗೂ ನಳನಳಿಸುತ್ತಿದೆ.

ಉತ್ತರದ ಹಿಮಕ್ಕೆ ಹೆದರಿ ನವೆಂಬರಿನಲ್ಲಿ ಆರ್‌ವಿ ಹೊಡೆದುಕೊಂಡು ಬಂದು, ಬಿಸಿಲೇರುತ್ತಲೇ ಹೊರಡುವ ನಿವೃತ್ತ ದಂಪತಿಗಳೂ ಮಾಡುವುದು ಋತುವಿಗೆ ತಕ್ಕ ಈ ವಲಸೆಯನ್ನೇ. ಅವರಿಗೆ ಹಕ್ಕಿಯ ಹೆಸರು, ಸ್ನೋಬರ್ಡ್. ಹಿರಿಯ ನಾಗರಿಕರ ರಿಯಾಯಿತಿ ಬೇರೆ.

ಮನೆ ಕರಗಿಸಿದರೂ ಟಿಂಬಿಶಾ ಜನ ಮಾತ್ರ ಕಣಿವೆ ಬಿಟ್ಟು ಹೋಗಲಿಲ್ಲ. ಬೇಸಿಗೆಯಲ್ಲೂ ಒಬ್ಬರಲ್ಲ ಒಬ್ಬರು ಮನೆ ಕಾದರು. ಮಣ್ಣಿನ ಮನೆಗಳ ಜೊತೆಗೆ ಕೆಲವರು ಟ್ರೈಲರ್ ಮನೆಗಳನ್ನು ತಂದು ನಿಲ್ಲಿಸಿಕೊಂಡರು. 1983ರಲ್ಲಿ ಬುಡಕಟ್ಟಿಗೆ ಕೇಂದ್ರ ಸರ್ಕಾರದ ಮಾನ್ಯತೆ ಸಿಕ್ಕಿತು. 1994ರಲ್ಲಿ ಸ್ಮಾರಕ ಬಡ್ತಿ ಹೊಂದಿ ರಾಷ್ಟ್ರೀಯ ಉದ್ಯಾನವಾಯಿತು, ವಿಸ್ತೀರ್ಣ 30 ಲಕ್ಷ ಎಕರೆ ದಾಟಿತು. 2000ದ ಕಾಯ್ದೆ ಫರ್ನೇಸ್ ಕ್ರೀಕ್ ಬಳಿ ಅವರಿಗೆ ಬಿಟ್ಟುಕೊಟ್ಟದ್ದು ಸುಮಾರು 300 ಎಕರೆ.

ಗಾಲ್ಫ್ ಮೈದಾನ ದಾಟಿ ಸ್ವಲ್ಪ ದೂರಕ್ಕೆ ಆ ಊರು ಸಿಗುತ್ತದೆ. ಮುಂದಿನ ಸೀಟಿನವರು ಕಿಟಕಿಗೆ ಹಣೆ ಒತ್ತಿ, ಟ್ರೈಲರುಗಳನ್ನೂ ಅವಕ್ಕೆ ಬಂದಿರುವ ಕರೆಂಟಿನ ತಂತಿಯನ್ನೂ ನೋಡುತ್ತಾರೆ.

“ರೀ, ಇವರಿಗೆಲ್ಲ ಫುಲ್ ಹುಕಪ್ ಸಿಕ್ಕಿದೆ ನೋಡ್ರೀ. ಬುಕ್ ಮಾಡುವಾಗ ನಮಗ್ಯಾಕೆ ಈ ಜಾಗ ತೋರಿಸ್ಲೇ ಇಲ್ಲ?”