ನಿಮ್ಮ ಕುಂಡದಲ್ಲಿ ಬಾಡಿಗೆ ಕೊಡದವರು

ಟೊಮೇಟೊ ಕುಂಡದ ಬುಡದಲ್ಲಿ ನೆಲಕ್ಕಂಟಿ ಹಬ್ಬಿದ್ದ ಗಿಡದ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ರಿ ತಾನೆ? ಭಾವ ಶುಗರ್‌ಗೆ ಒಳ್ಳೇದು ಅಂದ್ರು (ಭಾವಂದಿರ ಪ್ರಕಾರ ಯಾವ ಎಲೆಯಾದ್ರೂ ಶುಗರ್‌ಗೆ ಒಳ್ಳೇದೇ). ಚಿಕ್ಕಮ್ಮ ವಿಷ ಅಂದ್ರು. ಮಿಕ್ಕವರು ಕೈ ಮುಗಿದ್ರು. ಗಿಡ ಇನ್ನೆರಡು ಇಂಚು ಹಬ್ಬಿತು.

ಫೋನ್ ಕೆಳಗಿಡಿ. ಉಗುರಿದೆಯಲ್ಲ, ದಂಟು ಚಿವುಟಿ. ನೀರಿನಂಥ ರಸ ಬಂತಾ? ದಂಟು ಕೆಂಪಗೆ, ನುಣ್ಣಗೆ, ದಪ್ಪಗಿದೆಯಾ? ಎಲೆ ದಪ್ಪ, ತುದಿ ಅಗಲ, ಬುಡ ಸಣ್ಣ? ಹಾಗಾದ್ರೆ ಅದು ಗೋಣಿ ಸೊಪ್ಪು. ಬಿಳೀ ಹಾಲು ಒಸರಿದ್ರೆ ಅಚ್ಚೆಗಿಡದ ಬಳಗ. ಅದು ಬಾಯಿಗೆ ಬೇಡ, ಆ ಕೈ ಕಣ್ಣಿಗೂ ಬೇಡ.

ಹಳದಿ ಹೂವೂ ಒಂದು ಗುರುತೇ. ಆದ್ರೆ ಬಿಸಿಲೇರಿದ ಮೇಲೆ ಕೆಲವೇ ಗಂಟೆ ಅರಳಿರುತ್ತೆ. ಭಾನುವಾರ ನೀವು ಏಳೋ ಹೊತ್ತಿಗೆ ಮುದುಡೋಕೆ ಶುರು (ನಾನೇನೂ ಅನ್ನಲಿಲ್ಲಪ್ಪ).

ಇನ್ನು ನಿಮ್ಮ ಕಳೆ ಕೀಳೋ ವೈಖರಿ! ಕಿತ್ತು ಅಲ್ಲೇ ಪಕ್ಕಕ್ಕೆ ಎಸೆದು, ಸೊಂಟ ಹಿಡ್ಕೊಂಡು ಒಳಗೆ ಹೋದ್ರಿ. ಅದಕ್ಕೆ ಅಷ್ಟೇ ಸಾಕು. ದಂಟಲ್ಲಿರೋ ನೀರಲ್ಲೇ ದಿನಗಟ್ಟಲೆ ಬದುಕುತ್ತೆ, ಕಿತ್ತ ಮೇಲೂ ಕಾಯಿ ಬಲಿಯುತ್ತೆ, ಒಂದು ಮಳೆ ಬಿದ್ರೆ ಮತ್ತೆ ಬೇರು ಬಿಡುತ್ತೆ. ಸಿಟ್ಟಲ್ಲಿ ಕೊಚ್ಚಿ ಹಾಕಿದ್ರಾ? ಭೇಷ್, ಬೆಳೆ ಚೆನ್ನಾಗಿ ಬರುತ್ತೆ. ಕಾಯಿಗೆ ಪುಟ್ಟ ಮುಚ್ಚಳ ಬೇರೆ ಇದೆ. ಅದು ಕಳಚಿದ್ರೆ ಒಳಗೆಲ್ಲ ಪುಡಿಪುಡಿ ಕಪ್ಪು ಬೀಜ. ಚೆನ್ನಾಗಿ ಹಬ್ಬಿದ ಒಂದೇ ಗಿಡ 2 ಲಕ್ಷಕ್ಕೂ ಹೆಚ್ಚು ಬೀಜ ಬಿಡಬಲ್ಲದು.

ಅಂದಹಾಗೆ, ನರ್ಸರೀಲಿ ಚೌಕಾಸಿ ಮಾಡಿ ತಂದು ನೇತುಹಾಕಿದ್ದೀರಲ್ಲ, ಟೇಬಲ್ ರೋಸ್? ಅದೂ ಇದೂ ಒಂದೇ ಪೋರ್ಚುಲಾಕಾ ಕುಲ. ದುಡ್ಡು ಕೊಟ್ಟು ತಂದಿದ್ದಕ್ಕೆ ಹ್ಯಾಂಗಿಂಗ್ ಪಾಟು, ತಾನಾಗಿ ಬಂದಿದ್ದಕ್ಕೆ ಕಸದ ಬುಟ್ಟಿ!

ಹಳೇ ಮೈಸೂರು ಕಡೆ ಹೊಲದಲ್ಲಿ ಬೆರಕೆ ಸೊಪ್ಪು ಕುಯ್ಯೋ ಅಜ್ಜೀನ ಕೇಳಿ. ಅಣ್ಣೆ ಸೊಪ್ಪಿನ ಜೊತೆ ಇದನ್ನೂ ಮಡಿಲಿಗೆ ಹಾಕ್ಕೊಂಡು ಹೋಗಿ ಬಸ್ಸಾರು ಕಾಯಿಸ್ತಾರೆ. ನೀವು ಒಮೆಗಾ-3 ಮಾತ್ರೆ ಕೊಳ್ತೀರಿ. ಒಮೆಗಾ-3 ಗುಂಪಿನ ಕೊಬ್ಬಿನಾಮ್ಲ ಈ ಎಲೇಲೂ ಇದೆ. ನೀರು ಕಮ್ಮಿಯಾದಾಗ ಗಿಡ ರಾತ್ರಿ ಹೊತ್ತು ಮ್ಯಾಲಿಕ್ ಆಮ್ಲ ಕೂಡಿಡುತ್ತೆ, ಅದಕ್ಕೇ ಬೆಳಿಗ್ಗೆ ಕಿತ್ತ ಸೊಪ್ಪು ಹುಳಿ ಜಾಸ್ತಿ. (ಕಿಡ್ನಿ ಸ್ಟೋನ್ ಇರೋರು ದೂರ ಇರಿ, ಆಕ್ಸಲೇಟೂ ಧಾರಾಳವಾಗಿದೆ.)

ಏನ್ರೀ, ಆಗ್ಲೇ ಪಾತ್ರೆ ಹಿಡ್ಕೊಂಡು ಹೊರಟ್ರಾ? ನಿಲ್ಲಿ. ಔಷಧಿ ಹೊಡೆದ ಜಾಗ ಅಲ್ಲ ತಾನೆ? ಪಕ್ಕದ್ಮನೆ ನಾಯಿ ದಿನಾ ಕಾಲೆತ್ತೋದು ಎಲ್ಲಿ ಅಂತಾನೂ ಒಮ್ಮೆ ವಿಚಾರಿಸಿ.