ಚಣ್ಣದ ಪ್ರದಕ್ಷಿಣೆ

ಬನಹಟ್ಟಿಯಲ್ಲಿ ಮನೆ ಮಾಡಿದವರಿಗೆ ಬಟ್ಟೆಯ ವಿಷಯದಲ್ಲಿ ಒಂದು ಸುಳ್ಳು ಧೈರ್ಯ ಬಂದುಬಿಡುತ್ತದೆ. ಬಲಕ್ಕೆ ಪವರ್‌ಲೂಮ್, ಎಡಕ್ಕೆ ಪವರ್‌ಲೂಮ್. ಮಗ್ಗದ ಲಟಪಟಕ್ಕೆ ಇಲ್ಲಿನ ಕೂಸುಗಳು ನಿದ್ದೆ ಹೋಗುತ್ತವೆ. ಕರೆಂಟು ಹೋಗಿ ಸದ್ದು ನಿಂತರೆ ಬೆಚ್ಚಿ ಏಳುತ್ತವೆ. ಇಂಥ ಓಣಿಯಲ್ಲಿ ಹತ್ತು ವರ್ಷ ಕಳೆದ ಲೇಖಕರೊಬ್ಬರು, ಸುತ್ತಲಿನವರು ದಿನಾ ಸೀರೆಗಟ್ಟಲೆ ನೇಯುವಾಗ ನಾಲ್ಕು ವರ್ಷದ ಮಗನಿಗೊಂದು ಚಣ್ಣ ಹೊಲಿಯುವುದೇನು ಮಹಾ ಎಂದು ಒಂದು ರವಿವಾರ ತೀರ್ಮಾನಿಸಿದರು. ಅವರ ಹೆಸರು ಇಲ್ಲಿ ಬೇಡ. ಇದು ಅಚ್ಚಾದ ಮೇಲೂ ಅವರು ಅದೇ ಓಣಿಯಲ್ಲಿ ಓಡಾಡಬೇಕಾಗಿದೆ.

ಸಿಟ್ಟೂ ಒಂದು ಕಾರಣ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾ ವಿಕಾಸ ಯೋಜನೆಯಲ್ಲಿ ಸಮವಸ್ತ್ರದ ಬಟ್ಟೆ ಪುಕ್ಕಟೆ ಬರುತ್ತದೆ, ಹೊಲಿಗೆಕೂಲಿ ಮಾತ್ರ ತಂದೆತಾಯಿಯ ತಲೆಗೆ. ಮಕ್ಕಳು ಬಟ್ಟೆ ಸುತ್ತಿಕೊಂಡೇ ಪ್ರಾರ್ಥನೆಗೆ ನಿಲ್ಲುತ್ತಾರೆಂದು ಯಾರೋ ನಂಬಿದಂತಿದೆ. ದೊಡ್ಡ ಮಗಳ ಸಮವಸ್ತ್ರಕ್ಕೆ ಕೂಲಿ ಕೊಟ್ಟು ಬಂದ ಸಂಜೆಯೇ ಲೇಖಕರು ಕತ್ತರಿ ಹುಡುಕತೊಡಗಿದ್ದರು.

ಹೊಲಿಗೆ ಮಷಿನ್ನಿನ ಬಗ್ಗೆ ಅವರು ಸಾಕಷ್ಟು ಓದಿಕೊಂಡರು. ಕೆಲಸ ಬಾರದವರು ಮೊದಲು ಮಾಡುವುದು ಅದನ್ನೇ. ಐಸಾಕ್ ಸಿಂಗರ್ ಪೇಟೆಂಟ್ ಪಡೆದದ್ದು 1851ರಲ್ಲಿ. ಯಂತ್ರಗಳೆಂದರೆ ಹುಬ್ಬು ಗಂಟಿಕ್ಕುತ್ತಿದ್ದ ಗಾಂಧೀಜಿ 1924ರಲ್ಲಿ ಈ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿಯ ಕಷ್ಟ ನೋಡಲಾರದೆ ಸಿಂಗರ್ ಇದನ್ನು ಮಾಡಿದನೆಂದು ಅವರ ನಂಬಿಕೆ. ಸಿಂಗರ್ ಮಹಾನುಭಾವನ ಸಂಸಾರಗಳು ಒಂದೆರಡಲ್ಲ, ಮಕ್ಕಳು ಇಪ್ಪತ್ತಕ್ಕೂ ಹೆಚ್ಚು. ಅಷ್ಟು ಚಣ್ಣ ಹೊಲಿಯಲು ಮಷಿನ್ ಬೇಕೇ ಬೇಕು ಎಂದು ಲೇಖಕರು ಮಡದಿಗೆ ವಿವರಿಸಿದರು. “ಅವನೂ ಹಿಂಗ ಓದಕೋತ ಕುಂತಿದ್ದನೇನ್ರಿ?” ಎಂದು ಮಡದಿ ಒಳಗೆ ಹೋದರು.

ವಿಧಾನ ಸರಳ. ಹಳೆಯ ಚಣ್ಣವನ್ನು ಬಟ್ಟೆಯ ಮೇಲಿಟ್ಟು, ಹೊಲಿಗೆಗೆಂದು ಸುತ್ತ ಒಂದಿಂಚು ಬಿಟ್ಟು ಗೆರೆ ಎಳೆದು ಕತ್ತರಿಸಬೇಕು. ಕೂತಾಗ ಜಾರದಿರಲು ಹಿಂಭಾಗ ಮುಂಭಾಗಕ್ಕಿಂತ ತುಸು ಎತ್ತರ. ಮೊದಲು ಒಂದೊಂದೇ ಕಾಲಿನ ಬಗಲಹೊಲಿಗೆ, ಒಳಹೊಲಿಗೆ, ಆಮೇಲೆ ಒಂದು ಕಾಲನ್ನು ಇನ್ನೊಂದರೊಳಗೆ ತೂರಿಸಿ ನಡುವಿನ ಹೊಲಿಗೆ. ಲೇಖಕರು ಹಳೆಯ ಚಣ್ಣದ ಲಾಸ್ಟಿಕ್ ಹಿಗ್ಗಿಸದೆ, ನಡು ಮುದುರಿದ ಹಾಗೆಯೇ ಗೆರೆ ಎಳೆದರು. ಹುಟ್ಟಿದ್ದು ಉದ್ದನೆ ಕಾಲು, ಬಡನಡುವಿನ ಒಂದು ವಸ್ತು. 2005ರಲ್ಲಿ ಅಂಚೆಚೀಟಿ ಏರಿದ ಮುಧೋಳ ನಾಯಿಗೆ ಅದು ಸರಿಹೋಗುತ್ತಿತ್ತು, ಮಗನ ಮೊಣಕಾಲಿನಿಂದ ಮೇಲೇರಲಿಲ್ಲ.

ಹೊಲಿಗೆ ಬಿಚ್ಚಿದರು. ತಾನು ನೇಯ್ದ ವಸ್ತ್ರವನ್ನು ಮುದುಕನ ವೇಷದ ಶಿವ ಹರಿದು ಚೂರು ಮಾಡಿದರೂ ದೇವರ ದಾಸಿಮಯ್ಯ ಸಿಟ್ಟಾಗಲಿಲ್ಲವೆಂಬ ಕಥೆ ನೇಕಾರರ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಲೇಖಕರಿಗೂ ಗೊತ್ತಿತ್ತು. ಆ ಹೊತ್ತಿನಲ್ಲಿ ನೆನಪಾಗಲಿಲ್ಲ, ಅಷ್ಟೇ.

ಎರಡನೆಯ ಚಣ್ಣ ಲಾಸ್ಟಿಕ್ ತೂರಿಸುವ ನೇಫಾದವರೆಗೆ ಸುಖವಾಗಿ ಬಂತು. ಮಗನ ನಡು 20 ಇಂಚು, ಲಾಸ್ಟಿಕ್ 18. ತುದಿಗೆ ಪಿನ್ನು ಚುಚ್ಚಿ, ನೇಫಾದ ಬಾಯಲ್ಲಿ ಬಿಟ್ಟು, ಬಟ್ಟೆ ನಿರಿಗೆ ಮಾಡುತ್ತ ತಳ್ಳುತ್ತ ಹೋಗಬೇಕು. ಆಲೋಚಿಸಿದರೆ ಇದು ಜಮಖಂಡಿ ಬಸ್‌ಸ್ಟ್ಯಾಂಡಿನಿಂದ ಹೊರಟು ಬನಹಟ್ಟಿ, ರಬಕವಿ, ಮಹಾಲಿಂಗಪುರ, ಮುಧೋಳ ಸುತ್ತಿ ಮತ್ತೆ ಜಮಖಂಡಿ ಸೇರುವ ದಾರಿಯೇ. ಪಿನ್ನು ಜಮಖಂಡಿ ಬಿಟ್ಟಿತು. ಬನಹಟ್ಟಿ ದಾಟಿತು. ರಬಕವಿಯ ಬಳಿ ನಿರಿಗೆ ಗಂಟಾಯಿತು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಅಡ್ಡ ನಿಂತ ಹಾಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಲೇಖಕರು ಬೆರಳಿಗೆ ಎಂಜಲು ಹಚ್ಚಿಕೊಂಡು ಒಂದೊಂದೇ ಟ್ರೇಲರ್ ಸರಿಸಿದರು. ಮಗ ಚಣ್ಣವಿಲ್ಲದೆ ಪಕ್ಕದಲ್ಲೇ ನಿಂತು ಕಂಡಕ್ಟರನಂತೆ “ರೈಟ್! ರೈಟ್!” ಅನ್ನುತ್ತಿದ್ದ. ಮಹಾಲಿಂಗಪುರ ಬಂತು. ಮುಧೋಳವೂ ಕಂಡಿತು. ಇನ್ನೇನು ಜಮಖಂಡಿ ಅನ್ನುವಾಗ ಗೆಲುವಿನ ಹುಮ್ಮಸ್ಸಿನಲ್ಲಿ ಒಮ್ಮೆ ಜಗ್ಗಿದರು. ಲಾಸ್ಟಿಕ್ಕಿನ ಬಾಲವನ್ನು ಹಿಡಿದಿಡಬೇಕೆಂದು ಯಾರೂ ಹೇಳಿರಲಿಲ್ಲ. ಅದು ಹಾವು ಹುತ್ತ ಹೊಕ್ಕಂತೆ ಸರಕ್ಕನೆ ಒಳಗೆ ಹೋಯಿತು. ಪಿನ್ನು ಒಳಗೇ ಬಾಯಿ ಬಿಚ್ಚಿತು.

ಬೀಳಗಿ ಈ ಸುತ್ತಿನಲ್ಲಿ ಬರುವುದಿಲ್ಲ, ಪೂರ್ವಕ್ಕೆ ಬೇರೆಯೇ ಉಳಿಯುತ್ತದೆ. ಪಿನ್ನು ಮಾತ್ರ ಬಗಲಹೊಲಿಗೆಯ ಸಂದಿನಲ್ಲಿ ನುಗ್ಗಿ ಬೀಳಗಿ ದಾರಿ ಹಿಡಿದಿತ್ತು. ಹುಡುಕಲು ಹೋದ ಲೇಖಕರ ಹೆಬ್ಬೆರಳಿಗೆ ಅದು ತಾನೇ ಸಿಕ್ಕಿತು.

ಕೂಗು ಕೇಳಿ ಅತ್ತೆಯವರು ಎದ್ದು ಬಂದರು. ಅವರೂ ಬೀಳಗಿ ಕಡೆಯವರೇ. ಈ ಮಷಿನ್ನೂ ಅವರದೇ. ಆಲಮಟ್ಟಿಯ ಹಿನ್ನೀರು ಊರಿಗೆ ಬಂದಾಗ ಬಾಗಿಲ ಚೌಕಟ್ಟು, ತೊಲೆ, ಈ ಮಷಿನ್ನು ಇಷ್ಟನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದವರು. ಅಲ್ಲಿ ಓಣಿಯ ಮಕ್ಕಳ ಚಣ್ಣ ಹೊಲಿದೇ ಮಗಳನ್ನು ಓದಿಸಿದರು. ಅಣೆಕಟ್ಟಿನ ನೀರು 519.60 ಮೀಟರಿಗೆ ನಿಲ್ಲುತ್ತದೆ, ಇನ್ನು 524.256ಕ್ಕೆ ಏರಿಸುತ್ತಾರಂತೆ ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಮೊಮ್ಮಗನ ನಡುವಿನ ಅಳತೆಗೆ ಮಾತ್ರ ಅವರು ಟೇಪು ಮುಟ್ಟುವುದಿಲ್ಲ, ಗೇಣು ಹಾಕುತ್ತಾರೆ.

“ಸರೀರಿ ಅಳಿಯಾರ,” ಎಂದು ಕನ್ನಡಕ ಏರಿಸಿ ಕೂತರು. ಪಿನ್ನು ತೆಗೆದು, ಲಾಸ್ಟಿಕ್ ಹೊರಗೆಳೆದು, ಬಾಲವನ್ನು ಬಟ್ಟೆಗೆ ಇನ್ನೊಂದು ಪಿನ್ನಿನಿಂದ ಬಿಗಿದು ಮತ್ತೆ ಪೋಣಿಸಿದರು. ಚಹಾ ಆರುವುದರೊಳಗೆ ಬಸ್ಸು ಜಮಖಂಡಿ ಮುಟ್ಟಿತ್ತು. ಇದಕ್ಕಿಂತ ಅಗ್ಗಕ್ಕೆ ಸಂತೆಯಲ್ಲಿ ರೆಡಿಮೇಡ್ ಸಿಗುತ್ತದೆ ಎಂದು ಬಾಗಿಲಲ್ಲಿ ನಿಂತ ನೇಕಾರ ನೆರೆಯವರು ಅಂದರು. ಸೀರೆ ನೇಯ್ದು ಮಕ್ಕಳಿಗೆ ಚಣ್ಣ ಸಂತೆಯಿಂದಲೇ ತರುವವರು ಅವರು. ಅಷ್ಟು ಅಗ್ಗಕ್ಕೆ ಹೊಲಿದವರ ಕೈಗೆ ಏನು ಉಳಿದೀತು ಎಂದು ಅತ್ತೆ ಕೇಳಿದರು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ, ಆಚೆ ಮಗ್ಗ ಮಾತ್ರ ಮಾತಾಡುತ್ತಿತ್ತು.

ಚಣ್ಣ ಮಗನ ಮೈಮೇಲೆ ಏರಿತು. ನಿಂತಿತು ಕೂಡ. ನೆರೆಯವರು ಅವನನ್ನು ಒಂದು ಸುತ್ತು ತಿರುಗಿಸಿ ನೋಡಿದರು.

“ಮಾಸ್ತರ, ಇದರ ಮುಂದ ಯಾವುದು, ಹಿಂದ ಯಾವುದ್ರಿ?”

ಲೇಖಕರು ಬಗ್ಗಿ ನೋಡುವಷ್ಟರಲ್ಲಿ ಮಗನೇ ಉತ್ತರ ಕೊಟ್ಟ: “ಮುಂದ ಇಲ್ಲೇ ಇಲ್ಲ. ಎರಡೂ ಹಿಂದ ಅದಾವ.”