ಆರು ಕಾಲಿನ ಡಬ್ಬ

ಪಕ್ಕದ ಮನೆ ಹುಡುಗ ಪೈಲಟ್. ಆರು ತಿಂಗಳಿಗೊಮ್ಮೆ ದಪ್ಪ ಕೈಪಿಡಿ ಹಿಡಿದು ತಾರಸಿಯ ಮೇಲೆ ಶತಪಥ ಹಾಕುತ್ತಾನೆ. ‘ನಾಳೆ ಸಿಮ್ ಇದೆ’ ಅಂದರೆ ಅವನಮ್ಮ ಬಹಳ ದಿನ ಫೋನಿನ ಸಿಮ್ಮೇ ಅಂದುಕೊಂಡಿದ್ದರು. ‘ಅದಕ್ಯಾಕೋ ಇಷ್ಟು ಓದೋದು? ಆಧಾರ್ ಕೊಟ್ಟರೆ ಅಂಗಡಿಯವನೇ ಹಾಕಿಕೊಡ್ತಾನೆ!’

ಇವನ ಸಿಮ್ ಅಂದರೆ ಸಿಮ್ಯುಲೇಟರ್. ಒಳಗೆ ಥೇಟ್ ಕಾಕ್‌ಪಿಟ್ಟು, ಹೊರಗೆ ಆರು ಕಾಲಿನ ಮೇಲೆ ನಿಂತ ದೊಡ್ಡ ಡಬ್ಬ. ಇದರ ಮೂಲಪುರುಷ ಎಡ್ವಿನ್ ಲಿಂಕ್, ಅಮೆರಿಕದ ಬಿಂಗ್‌ಹ್ಯಾಮ್ಟನ್ನಿನಲ್ಲಿ ಪಿಯಾನೋ, ಆರ್ಗನ್ ಮಾಡುತ್ತಿದ್ದವರ ಮಗ. 1920ರ ದಶಕದ ಕೊನೆಗೆ ಅಪ್ಪನ ಕಾರ್ಖಾನೆಯ ತಿದಿಗಳನ್ನೇ ಜೋಡಿಸಿ, ನೆಲ ಬಿಡದೆ ಓಲಾಡುವ ಪುಟ್ಟ ವಿಮಾನ ಕಟ್ಟಿದ. ನಮ್ಮ ಹಾರ್ಮೋನಿಯಂ ಮೇಷ್ಟ್ರ ಕೈಯಲ್ಲೂ ತಿದಿ ಇತ್ತು. ಅವರು ನಾಟಕದ ರಾಜನನ್ನು ಅಳಿಸಿದರು, ಅಷ್ಟೇ. ಲಿಂಕನದನ್ನು ಮೊದಲು ಕೊಂಡವರು ಮನರಂಜನೆ ಪಾರ್ಕಿನವರು. 1934ರಲ್ಲಿ ಅಂಚೆ ಸಾಗಿಸುವ ಕೆಲಸ ಸೈನ್ಯದ ಪೈಲಟ್‌ಗಳ ತಲೆಗೆ ಬಂತು. ಕೆಟ್ಟ ಹವೆಯಲ್ಲಿ ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಸೈನ್ಯವೂ ಆರು ‘ಆಟಿಕೆ’ ಕೊಂಡಿತು.

ಇವತ್ತಿನ ಡಬ್ಬದ ಮೋಸವಂತೂ ನನಗೆ ಬಹಳ ಇಷ್ಟ. ನಿಂತಲ್ಲೇ ಇರುವುದಕ್ಕೆ ರನ್‌ವೇ ಮೇಲೆ ಓಡುವ ರಭಸ ಎಲ್ಲಿಂದ ಬರಬೇಕು? ಅದು ಮೆಲ್ಲಗೆ ಹಿಂದಕ್ಕೆ ವಾಲುತ್ತದೆ. ಪರದೆಯ ಮೇಲೆ ನೆಲ ಮಟ್ಟಸವಾಗಿಯೇ ಇರುತ್ತದೆ, ಬೆನ್ನು ಮಾತ್ರ ಸೀಟಿಗೆ ಒತ್ತುತ್ತದೆ. ‘ಹೌದು, ನುಗ್ಗುತ್ತಿದ್ದೇವೆ’ ಎಂದು ಒಳಗಿವಿ ಸುಳ್ಳುಸಾಕ್ಷಿ ಹೇಳಿಬಿಡುತ್ತದೆ.

ಇಷ್ಟೆಲ್ಲ ಸಂಭ್ರಮ ಮಾಡಿ ಒಳಗೆ ನಡೆಸುವುದು ಬರೀ ಅಪಶಕುನ. ವಿ-ಒನ್ ಎಂಬ ವೇಗ ದಾಟಿದರೆ ಹಾರಲೇಬೇಕು, ತಾಳಿ ಕಟ್ಟಿದ ಮೇಲೆ ಹಸೆಮಣೆ ಬಿಟ್ಟು ಓಡಲಾಗದ ಹಾಗೆ. ಹಿಂದೆ ಕೂತ ಗುರು ಸರಿಯಾಗಿ ಆಗಲೇ ಒಂದು ಎಂಜಿನ್ ಆರಿಸುತ್ತಾನೆ. ವಿಮಾನದ ಮೂತಿ ಅತ್ತ ತಿರುಗುತ್ತದೆ, ರಡ್ಡರ್ ತುಳಿದು ಇತ್ತ ಎಳೆಯಬೇಕು. ಸುಧಾರಿಸಿಕೊಳ್ಳುವಷ್ಟರಲ್ಲಿ ಬೆಂಕಿಯ ಗಂಟೆ. ಎಡವಿದರೆ ಗುಂಡಿ ಒತ್ತಿ ಮತ್ತೆ ರನ್‌ವೇ ತುದಿಗೆ. ಸೊಸೆಯನ್ನು ಪರೀಕ್ಷಿಸುವ ಹಳೇಕಾಲದ ಅತ್ತೆಗೂ ಇಷ್ಟು ಸೌಕರ್ಯ ಇರಲಿಲ್ಲ.

‘ಆದರೆ ಅಲ್ಲಿ ಕೆಡುತ್ತದೆ ಅಂತ ಗೊತ್ತೇ ಇರುತ್ತಲ್ಲ’ ಎಂದೆ ಒಮ್ಮೆ. ಅವನು ಹಡ್ಸನ್ ಕತೆ ತೆಗೆದ. 2009ರಲ್ಲಿ ನ್ಯೂಯಾರ್ಕಿನ ಮೇಲೆ ಹಕ್ಕಿ ಬಡಿದು ಎರಡೂ ಎಂಜಿನ್ ಕೆಟ್ಟಾಗ ಪೈಲಟ್ ಸಲ್ಲೆನ್‌ಬರ್ಗರ್ ವಿಮಾನವನ್ನು ಹಡ್ಸನ್ ನದಿಗಿಳಿಸಿದರು. 155 ಜನರೂ ಬದುಕಿದರು. ನಿಲ್ದಾಣಕ್ಕೇ ಮರಳಬಹುದಿತ್ತೇ ಎಂದು ತನಿಖೆಯವರು ಸಿಮ್‌ನಲ್ಲಿ ನೋಡಿದರು. ಹಕ್ಕಿ ಬಡಿದ ಕೂಡಲೇ ತಿರುಗಿಸಿದ ಕೆಲವರಿಗೆ ರನ್‌ವೇ ಸಿಕ್ಕಿತು. ದಂಗಾಗಿ, ಏನಾಯಿತೆಂದು ತಿಳಿದುಕೊಳ್ಳಲಿಕ್ಕೆ 35 ಸೆಕೆಂಡು ಸೇರಿಸಿದಾಗ ಸಿಗಲಿಲ್ಲ.

ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಹುಡುಗ ಬೆಚ್ಚಿಬಿದ್ದು ಲೋಟದ ಕಾಫಿ ಅಂಗಿಗೆ ಚೆಲ್ಲಿಕೊಂಡ. ಅವನಮ್ಮ ಹೂ ಕಟ್ಟುತ್ತ, ತಲೆಯೂ ಎತ್ತದೆ ಅಂದರು: ‘ಎರಡೇ ಆಗಿದ್ದು. ಇನ್ನೊಂದು ಕೂಗಲಿ, ಆಮೇಲೆ ಆರಿಸು.’